ಸಿಂಥಸೈಜರ್ ಜನಕ ರಾಬರ್ಟ್ ಮೋಗ್: ನಿಂತುಹೋದ ವಾದ್ಯಗಳ ಎರಡನೆಯ ಆಯುಷ್ಯ

ರಾಬರ್ಟ್ ಮೋಗ್ ಅವರ ಹೆಸರನ್ನು ಹೊತ್ತ ವಾದ್ಯವೊಂದು 1982ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತು. ಅದರ ಹೆಸರು ಮೆಮೊರಿಮೋಗ್. ಏಕಕಾಲಕ್ಕೆ ಆರು ಸ್ವರಗಳನ್ನು ಹೊಮ್ಮಿಸಬಲ್ಲ, ಒಂದೊಂದು ಸ್ವರಕ್ಕೂ ಮೂರರಂತೆ ಒಟ್ಟು 18 ಆಸಿಲೇಟರ್‌ಗಳಿದ್ದ, ನೂರು ಬಗೆಯ ನಾದಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಬಲ್ಲ ಭಾರೀ ಸಿಂಥಸೈಜರ್ ಅದು. ಆದರೆ ಅದರ ವಿನ್ಯಾಸದಲ್ಲಿ ರಾಬರ್ಟ್ ಮೋಗ್ ಅವರ ಪಾತ್ರವೇ ಇರಲಿಲ್ಲ. ಅವರು ಆ ಕಂಪನಿಯನ್ನು ತೊರೆದು ಆಗಲೇ ಐದು ವರ್ಷಗಳು ಸಂದಿದ್ದವು. ಹೆಸರು ಮಾತ್ರ ಕಂಪನಿಯಲ್ಲೇ ಉಳಿದಿತ್ತು. ವಾದ್ಯಗಳ ಮೇಲೆ ಅದನ್ನು ಬರೆದುಕೊಳ್ಳುವ ಹಕ್ಕು ಅದನ್ನು ಹೊತ್ತು ಹುಟ್ಟಿದ ಮನುಷ್ಯನಿಗೇ ಇರಲಿಲ್ಲ.

ಸಿಂಥಸೈಜರ್ ಎಂಬ ವಾದ್ಯದ ಚರಿತ್ರೆಯಲ್ಲಿ ಮೋಗ್ ಅವರಷ್ಟು ದೊಡ್ಡ ಹೆಸರು ಇನ್ನೊಂದಿಲ್ಲ. ಆ ಹೆಸರನ್ನು ಅವರು ಕಳೆದುಕೊಂಡದ್ದು, ಕಾಲು ಶತಮಾನದ ನಂತರ ಮರಳಿ ಪಡೆದದ್ದು, ಆ ನಡುವೆ ಅವರ ಹೆಸರಿನ ಹಳೆಯ ಯಂತ್ರಗಳನ್ನು ಬೇರೆ ಯಾರೋ ಚಿಪ್ ಬದಲಿಸಿ, ಬೆಸುಗೆ ಹಾಕಿ ಬದುಕಿಸಿಕೊಂಡು ಬಂದದ್ದು ಒಂದೇ ಕಥೆಯ ಎಳೆಗಳು.

ಹೆಸರಿನ ಉಚ್ಚಾರಣೆಯ ಬಗ್ಗೆ ಒಂದು ಮಾತು. ಇಂಗ್ಲಿಷ್ ಕಾಗುಣಿತವನ್ನು ನೋಡಿದವರು ಅದನ್ನು ಮೂಗ್ ಎಂದೇ ಓದುತ್ತಾರೆ. ಕನ್ನಡಿಗರಿಗಂತೂ ಮುಖದ ಮಧ್ಯದ ಅಂಗವೇ ನೆನಪಾಗುತ್ತದೆ. ಮೋಗ್ ಎಂಬುದೇ ಆ ಕುಟುಂಬ ಬಳಸುತ್ತಿದ್ದ ಉಚ್ಚಾರಣೆ. ಅಮೆರಿಕದಲ್ಲಿಯೂ ಅರ್ಧಕ್ಕರ್ಧ ಜನ ಅದನ್ನು ತಪ್ಪಾಗಿಯೇ ಉಚ್ಚರಿಸುತ್ತಿದ್ದರು.

ರಾಬರ್ಟ್ ಆರ್ಥರ್ ಮೋಗ್ 1934ರ ಮೇ 23ರಂದು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಜನಿಸಿದರು. ತಂದೆ ಜಾರ್ಜ್ ಮೋಗ್ ವಿದ್ಯುತ್ ಸರಬರಾಜು ಸಂಸ್ಥೆ ಕನ್ಸಾಲಿಡೇಟೆಡ್ ಎಡಿಸನ್‌ನಲ್ಲಿ ಎಂಜಿನಿಯರ್. ಮನೆಯಲ್ಲೇ ಸಣ್ಣದೊಂದು ಕಾರ್ಯಾಗಾರ ಇಟ್ಟುಕೊಂಡಿದ್ದರು. ಮಗ ಪಿಯಾನೊ ಕಛೇರಿ ನೀಡುವ ಕಲಾವಿದನಾಗಲಿ ಎಂಬುದು ತಾಯಿಯ ಹಂಬಲ. ವರ್ಷಗಟ್ಟಲೆ ಅವನನ್ನು ಪಿಯಾನೊ ಮುಂದೆ ಕೂರಿಸಿದರು. ಹುಡುಗನ ಮನಸ್ಸು ಮಾತ್ರ ತಂದೆಯ ಕಾರ್ಯಾಗಾರದಲ್ಲಿತ್ತು. ಶಾಲೆಯಲ್ಲಿ ಒರಟು ಹುಡುಗರ ಕಾಟಕ್ಕೆ ಸಿಕ್ಕ ಆ ಸಂಕೋಚದ ಬಾಲಕನಿಗೆ ತಂತಿ, ರೇಡಿಯೊ ವಾಲ್ವ್‌ಗಳ ಸಹವಾಸವೇ ಹಿತವಾಗಿತ್ತು. ತಾಯಿ ಕಲಿಸಿದ ಪಿಯಾನೊ ವ್ಯರ್ಥವಾಯಿತೆಂದು ಹೇಳುವಂತಿಲ್ಲ. ಮುಂದೆ ಸಂಗೀತಗಾರರು ಬಂದು ತಮಗೇನು ಬೇಕೆಂದು ಹೇಳಿದಾಗ ಅವರ ಭಾಷೆ ಈ ಎಂಜಿನಿಯರಿಗೆ ತಿಳಿಯುತ್ತಿತ್ತು.

ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ಬಂದ ನಕ್ಷೆಯನ್ನು ನೋಡಿ ಮೋಗ್ ಒಂದು ಥೆರೆಮಿನ್ ತಯಾರಿಸಿದರು. ರಷ್ಯಾದ ಲಿಯೋನ್ ಥೆರೆಮಿನ್ 1920ರ ಸುಮಾರಿಗೆ ರೂಪಿಸಿದ ಈ ವಾದ್ಯವನ್ನು ಮುಟ್ಟಬೇಕಾಗಿಲ್ಲ. ಎರಡು ಆಂಟೆನಾಗಳ ಬಳಿ ಕೈಯನ್ನು ಗಾಳಿಯಲ್ಲಿ ಆಡಿಸಿದರೆ ಒಂದು ಕೈ ಸ್ವರದ ಏರಿಳಿತವನ್ನೂ ಇನ್ನೊಂದು ಕೈ ಧ್ವನಿಯ ಪ್ರಮಾಣವನ್ನೂ ನಿರ್ಧರಿಸುತ್ತದೆ. ಆರ್‌ಸಿಎ ಕಂಪನಿ 1929ರಲ್ಲಿ ಅದನ್ನು ಮಾರುಕಟ್ಟೆಗೆ ತಂದು, ಮಾರಾಟವಾಗದೆ ಬೇಗನೆ ನಿಲ್ಲಿಸಿಬಿಟ್ಟಿತ್ತು. ತಯಾರಕರು ಕೈಬಿಟ್ಟ ವಾದ್ಯವೊಂದನ್ನು ನಕ್ಷೆ ಹಿಡಿದು ಮತ್ತೆ ನುಡಿಸುವಂತೆ ಮಾಡುವುದೇ ಮೋಗ್ ಅವರ ಮೊದಲ ಪಾಠವಾಯಿತು ಎಂಬುದನ್ನು ಗಮನಿಸಬೇಕು.

1954ರಲ್ಲಿ ತಂದೆ ಮಗ ಸೇರಿ ಮನೆಯ ನೆಲಮಾಳಿಗೆಯಲ್ಲಿ ಥೆರೆಮಿನ್ ತಯಾರಿಕೆ ಆರಂಭಿಸಿದರು. ಅವರಿಂದ ವಾದ್ಯ ಕೊಂಡವರಲ್ಲಿ ರೇಮಂಡ್ ಸ್ಕಾಟ್ ಎಂಬ ಪ್ರಸಿದ್ಧ ಸಂಗೀತ ಸಂಯೋಜಕರೂ ಒಬ್ಬರು. ಅವರು ಆ ಥೆರೆಮಿನ್ನನ್ನು ಬಿಚ್ಚಿ, ಕೀಲಿಮಣೆ ಜೋಡಿಸಿ, ಬೇರೆಯದೇ ವಾದ್ಯವನ್ನಾಗಿ ಮಾಡಿಕೊಂಡರು. ತಾನು ಮಾಡಿದ್ದನ್ನು ಕೊಂಡವನು ಬಿಚ್ಚಿ ಬದಲಿಸಿದನೆಂದು ಮೋಗ್ ಬೇಸರಪಟ್ಟವರಲ್ಲ. 1961ರ ಜನವರಿಯಲ್ಲಿ ಟ್ರಾನ್ಸಿಸ್ಟರ್ ಬಳಸಿದ ಥೆರೆಮಿನ್ನಿನ ನಕ್ಷೆಯನ್ನೇ ಎಲೆಕ್ಟ್ರಾನಿಕ್ಸ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟಿಸಿ, ಬಿಡಿಭಾಗಗಳ ಪೊಟ್ಟಣವನ್ನು 49 ಡಾಲರ್ 95 ಸೆಂಟ್‌ಗೆ ಮಾರಿದರು. ಸುಮಾರು ಒಂದು ಸಾವಿರ ಪೊಟ್ಟಣಗಳು ಖರ್ಚಾದವು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ, ಹೆಂಡತಿ ಮಕ್ಕಳಿದ್ದ ವಿದ್ಯಾರ್ಥಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ.

ಆ ಪೊಟ್ಟಣವನ್ನು ಜೋಡಿಸಿದ್ದವರಲ್ಲಿ ಒಬ್ಬರು ಸಂಗೀತ ಅಧ್ಯಾಪಕ ಹರ್ಬರ್ಟ್ ಡಾಯ್ಚ್. 1963ರಲ್ಲಿ ನ್ಯೂಯಾರ್ಕ್ ರಾಜ್ಯದ ಸಂಗೀತ ಶಿಕ್ಷಕರ ಸಮ್ಮೇಳನವೊಂದರಲ್ಲಿ ಇಬ್ಬರ ಭೇಟಿಯಾಯಿತು. ಆಗ ವಿದ್ಯುನ್ಮಾನ ಸಂಗೀತವೆಂದರೆ ಟೇಪನ್ನು ತುಂಡು ತುಂಡಾಗಿ ಕತ್ತರಿಸಿ ಅಂಟಿಸುವ ತಾಳ್ಮೆಯ ಕೆಲಸ. ಒಂದು ನಿಮಿಷದ ಸಂಗೀತಕ್ಕೆ ದಿನಗಟ್ಟಲೆ ದುಡಿಯಬೇಕು. ಇದಕ್ಕೆ ಪರ್ಯಾಯವೇನು ಎಂಬ ಡಾಯ್ಚ್ ಅವರ ಪ್ರಶ್ನೆ ಮೋಗ್ ಅವರನ್ನು ಹಿಡಿದುಬಿಟ್ಟಿತು. 1964ರ ಬೇಸಿಗೆಯಲ್ಲಿ ಟ್ರೂಮನ್ಸ್‌ಬರ್ಗ್ ಎಂಬ ಪುಟ್ಟ ಊರಿನ ಕಾರ್ಯಾಗಾರದಲ್ಲಿ ಇಬ್ಬರೂ ಕುಳಿತು ಮೊದಲ ಮಾದರಿಯನ್ನು ರೂಪಿಸಿದರು.

ಮೋಗ್ ಅವರ ಮೂಲ ಕಲ್ಪನೆ ಸರಳ. ಸ್ವರವನ್ನು ಹುಟ್ಟಿಸುವ ಆಸಿಲೇಟರಿಗೆ ಕೊಡುವ ವೋಲ್ಟೇಜ್ ಹೆಚ್ಚಿದರೆ ಸ್ವರವೂ ಏರಬೇಕು. ಒಂದು ವೋಲ್ಟ್ ಹೆಚ್ಚಾದರೆ ಒಂದು ಸ್ಥಾಯಿ ಮೇಲಕ್ಕೆ. ಇದೇ ರೀತಿ ಧ್ವನಿಯ ಪ್ರಮಾಣವನ್ನೂ ನಾದದ ಬಣ್ಣವನ್ನೂ ವೋಲ್ಟೇಜಿನಿಂದಲೇ ಆಳಬಹುದು. ಆಗ ಒಂದು ಪೆಟ್ಟಿಗೆಯಿಂದ ಹೊರಟ ವೋಲ್ಟೇಜ್ ಇನ್ನೊಂದನ್ನು ಕುಣಿಸುತ್ತದೆ, ತಂತಿಗಳನ್ನು ಬದಲಿಸಿ ಸಿಕ್ಕಿಸಿದರೆ ವಾದ್ಯದ ಸ್ವಭಾವವೇ ಬದಲಾಗುತ್ತದೆ. ನಾದವೊಂದು ಹುಟ್ಟಿ, ಏರಿ, ನಿಂತು, ಅಡಗುವ ಬಗೆಯನ್ನು ನಿಯಂತ್ರಿಸಲು ಏನಾದರೊಂದು ಬೇಕೆಂದು ಡಾಯ್ಚ್ ಹೇಳಿದಾಗ, ಅಂಗಡಿಯಿಂದ ಮನೆಬಾಗಿಲ ಕರೆಗಂಟೆಯ ಗುಂಡಿಯೊಂದನ್ನು ತರಿಸಿ ಅದನ್ನೇ ಜೋಡಿಸಿದರು. ಆ ಮೊದಲ ಮಾದರಿ ಈಗ ಮಿಷಿಗನ್ ರಾಜ್ಯದ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ.

ಇದೇ ಕಾಲಕ್ಕೆ ಅಮೆರಿಕದ ಪಶ್ಚಿಮ ತೀರದಲ್ಲಿ ಡಾನ್ ಬುಕ್ಲಾ ಎಂಬವರು ಸ್ವತಂತ್ರವಾಗಿ ಇಂಥದೇ ಯಂತ್ರವನ್ನು ರೂಪಿಸುತ್ತಿದ್ದರು. ಅವರಿಗೆ ಪಿಯಾನೊ ಮಾದರಿಯ ಕೀಲಿಮಣೆ ಬೇಡವಾಗಿತ್ತು. ಮೋಗ್ ಮಾತ್ರ ಡಾಯ್ಚ್ ಅವರ ಒತ್ತಾಯಕ್ಕೆ ಮಣಿದು ಅದನ್ನು ಉಳಿಸಿಕೊಂಡರು. ಸಂಗೀತಗಾರರು ಮೋಗ್ ಕಡೆಗೆ ಹರಿದುಬರಲು ಆ ಕಪ್ಪು ಬಿಳುಪು ಮನೆಗಳೇ ದೊಡ್ಡ ಕಾರಣ. ಹೊಸ ವಾದ್ಯಕ್ಕೂ ಒಂದು ಪರಿಚಿತ ಬಾಗಿಲು ಬೇಕಾಗುತ್ತದೆ.

ಮೋಗ್ ಹಕ್ಕುಸ್ವಾಮ್ಯ ಪಡೆದದ್ದು ಮುಖ್ಯವಾಗಿ ಒಂದೇ ಸರ್ಕ್ಯೂಟಿಗೆ. ಟ್ರಾನ್ಸಿಸ್ಟರುಗಳ ಜೋಡಿಗಳನ್ನು ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ಜೋಡಿಸಿದ ಫಿಲ್ಟರ್ ಅದು. ಪೇಟೆಂಟ್ ದೊರೆತದ್ದು 1969ರಲ್ಲಿ. ಮೋಗ್ ವಾದ್ಯಗಳ ಕೊಬ್ಬಿದ, ಬೆಚ್ಚನೆಯ ನಾದಕ್ಕೆ ಅದೇ ಮೂಲ. ಉಳಿದ ವಿನ್ಯಾಸಗಳನ್ನು ಅವರು 1964ರಿಂದಲೇ ಪ್ರಬಂಧಗಳಲ್ಲಿ, ಉಪನ್ಯಾಸಗಳಲ್ಲಿ ಮುಚ್ಚುಮರೆಯಿಲ್ಲದೆ ಹಂಚಿಕೊಂಡರು. ಪ್ರತಿಸ್ಪರ್ಧಿ ಕಂಪನಿಗಳು ಅದರಿಂದ ಧಾರಾಳವಾಗಿ ಲಾಭ ಪಡೆದವು. ವ್ಯಾಪಾರದ ದೃಷ್ಟಿಯಿಂದ ಇದು ಜಾಣತನವಲ್ಲ. ಆದರೆ ಒಂದು ಕಂಪನಿಯ ಗುಟ್ಟಾಗಿದ್ದರೆ ಸಿಂಥಸೈಜರ್ ಇಷ್ಟು ಬೇಗ ಲೋಕವ್ಯಾಪಿಯಾಗುತ್ತಿರಲಿಲ್ಲ.

1968ರಲ್ಲಿ ವೆಂಡಿ ಕಾರ್ಲೋಸ್ ಅವರ ಸ್ವಿಚ್ಡ್ ಆನ್ ಬಾಖ್ ಧ್ವನಿಮುದ್ರಿಕೆ ಹೊರಬಂದಿತು. ಬಾಖ್‌ನ ಕೃತಿಗಳನ್ನು ಪೂರ್ಣವಾಗಿ ಮೋಗ್ ಯಂತ್ರದ ಮೇಲೆ ನುಡಿಸಿದ್ದ ಆ ತಟ್ಟೆ ಲಕ್ಷಗಟ್ಟಲೆ ಮಾರಾಟವಾಗಿ ಮೂರು ಗ್ರ್ಯಾಮಿ ಪ್ರಶಸ್ತಿಗಳನ್ನು ಗಳಿಸಿತು. ಯಂತ್ರ ಒಂದು ಸಲಕ್ಕೆ ಒಂದೇ ಸ್ವರ ಹೊಮ್ಮಿಸುತ್ತಿದ್ದುದರಿಂದ ಕಾರ್ಲೋಸ್ ಒಂದೊಂದು ಎಳೆಯನ್ನೂ ಬೇರೆ ಬೇರೆಯಾಗಿ ಮುದ್ರಿಸಿ ಹೆಣೆಯಬೇಕಾಗಿತ್ತು. ಅಷ್ಟರಲ್ಲಿ ಶ್ರುತಿ ಜಾರುತ್ತಿತ್ತು. ನಿಲ್ಲಿಸಿ ಮತ್ತೆ ಶ್ರುತಿ ಮಾಡಬೇಕಾಗುತ್ತಿತ್ತು. ಈ ಶ್ರುತಿ ಜಾರುವ ಕಾಯಿಲೆ ಮೋಗ್ ಯಂತ್ರಗಳ ಜಾತಕದಲ್ಲೇ ಬರೆದಿತ್ತು. ಟ್ರಾನ್ಸಿಸ್ಟರಿನ ನಡವಳಿಕೆ ಬಿಸಿಗೆ ಬದಲಾಗುತ್ತದೆ. ಕೋಣೆಯ ಸೆಕೆ ಏರಿದರೆ, ಯಂತ್ರವೇ ಕಾದರೆ, ಸ್ವರ ತನ್ನಷ್ಟಕ್ಕೆ ತಾನೇ ಸರಿಯುತ್ತದೆ. ವೀಣೆ, ತಂಬೂರಿ ಹಿಡಿದವರಿಗೆ ಹವಾಮಾನದೊಂದಿಗಿನ ಈ ಜಗಳ ಹೊಸದಲ್ಲ.

ಬೀಟಲ್ಸ್ ತಂಡ 1969ರಲ್ಲಿ ಅಬೆ ರೋಡ್ ಧ್ವನಿಮುದ್ರಿಕೆಯಲ್ಲಿ ಮೋಗ್ ಬಳಸಿತು. ಅದೇ ವರ್ಷ ಒಂದು ಮೋಗ್ ಯಂತ್ರ ಭಾರತಕ್ಕೂ ಬಂದಿತು ಎಂಬುದು ಬಹುಕಾಲ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅದನ್ನು ಸ್ಥಾಪಿಸಿದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮೊದಲಾದವರು 1970ರ ದಶಕದ ಆರಂಭದವರೆಗೆ ಅದರ ಮೇಲೆ ಪ್ರಯೋಗ ನಡೆಸಿದರು. ಆಮೇಲೆ ಆ ಸ್ಟುಡಿಯೊ ನಿಂತುಹೋಯಿತು. ಕಪಾಟಿನಲ್ಲಿ ಉಳಿದಿದ್ದ ಟೇಪುಗಳು ಧ್ವನಿಮುದ್ರಿಕೆಯಾಗಿ ಹೊರಬಂದದ್ದು 2023ರಲ್ಲಿ, ಅರ್ಧ ಶತಮಾನದ ತರುವಾಯ.

ಮಿನಿಮೋಗ್ ಹುಟ್ಟಿದ ಬಗೆಯೂ ಸ್ವಾರಸ್ಯವಾದುದು. ಗೋಡೆಯಗಲದ ಯಂತ್ರಗಳನ್ನು ವೇದಿಕೆಗೆ ಹೊರುವುದು ಯಾರಿಗೂ ಸಾಧ್ಯವಿರಲಿಲ್ಲ. ಬಿಲ್ ಹೆಮ್ಸಾತ್ ಎಂಬ ಎಂಜಿನಿಯರ್ ಬಿಡುವಿನ ವೇಳೆಯಲ್ಲಿ ಕಾರ್ಖಾನೆಯ ಅಟ್ಟದ ಮೇಲೆ ಬಿದ್ದಿದ್ದ ಗುಜರಿ ಭಾಗಗಳನ್ನು ಆಯ್ದು ಒಂದು ಸಣ್ಣ ಪೆಟ್ಟಿಗೆಗೆ ಸೇರಿಸಿದರು. ಮೋಗ್ ಆರಂಭದಲ್ಲಿ ಅದಕ್ಕೆ ಹೆಚ್ಚು ಉತ್ಸಾಹ ತೋರಲಿಲ್ಲ. 1970ರಲ್ಲಿ ಮಾರುಕಟ್ಟೆಗೆ ಬಂದ ಮಿನಿಮೋಗ್ 1981ರವರೆಗೆ ತಯಾರಾಗಿ, ಹನ್ನೆರಡು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. ತಂತಿ ಸಿಕ್ಕಿಸುವ ಗೊಡವೆಯಿಲ್ಲ, ಗುಂಡಿ ತಿರುಗಿಸಿದರೆ ಸಾಕು. ಎಡಬದಿಯ ಚಕ್ರದಿಂದ ಸ್ವರವನ್ನು ಜಾರಿಸಿ ಬಾಗಿಸಬಹುದಾಗಿತ್ತು. ಕೀಲಿಮಣೆ ವಾದ್ಯದಲ್ಲಿ ಗಮಕದ ಛಾಯೆ ತೋರಿಸಲು ಸಾಧ್ಯವಾದದ್ದು ಆ ಚಕ್ರದಿಂದ. ಇಂದಿಗೂ ಹೆಚ್ಚಿನ ಕೀಬೋರ್ಡುಗಳ ಎಡಬದಿಯಲ್ಲಿ ಅದು ಇದೆ.

ಕಲೆಯಲ್ಲಿ ಗೆದ್ದ ಮೋಗ್ ಲೆಕ್ಕದ ಪುಸ್ತಕದಲ್ಲಿ ಸೋತರು. ಬಾಖ್ ತಟ್ಟೆಯ ಯಶಸ್ಸಿನ ನಂತರ ಎಲ್ಲರೂ ಮೋಗ್ ಕೊಂಡು ಅನುಕರಣೆಗಿಳಿದರು. ಆ ಹುಚ್ಚು ಬೇಗನೆ ಇಳಿಯಿತು, ಬೇಡಿಕೆ ಕುಸಿಯಿತು, ಸಾಲ ಬೆಳೆಯಿತು. 1971ರಲ್ಲಿ ಕಂಪನಿಯ ನಿಯಂತ್ರಣ ಬಿಲ್ ವೇಟೆನಾ ಎಂಬ ಉದ್ಯಮಿಯ ಕೈಸೇರಿ, ಕಾರ್ಖಾನೆ ಬಫಲೊ ನಗರದ ಬಳಿಗೆ ಸ್ಥಳಾಂತರವಾಯಿತು. 1973ರಲ್ಲಿ ನಾರ್ಲಿನ್ ಎಂಬ ದೊಡ್ಡ ಸಂಸ್ಥೆ ಅದನ್ನು ಕೊಂಡಿತು. ಸಂಸ್ಥಾಪಕರು ತಮ್ಮದೇ ಹೆಸರಿನ ಕಂಪನಿಯಲ್ಲಿ ಒಬ್ಬ ನೌಕರರಾದರು. ತಮ್ಮ ಪಾಲಿನ ಷೇರುಗಳ ಹಣ ಕೈಗೆ ಬರಬೇಕಾದರೆ ನಾಲ್ಕು ವರ್ಷ ಕೆಲಸದಲ್ಲಿರಬೇಕೆಂಬ ಷರತ್ತು ಒಪ್ಪಂದದಲ್ಲಿತ್ತು. ಆ ಅವಧಿ ಮುಗಿದ ಕೂಡಲೇ, 1977ರಲ್ಲಿ, ಅವರು ಹೊರಬಂದರು. ಹೆಸರು ಹಿಂದೆಯೇ ಉಳಿಯಿತು.

ಮರುವರ್ಷ ಕುಟುಂಬದೊಂದಿಗೆ ನಾರ್ತ್ ಕೆರೊಲಿನಾದ ಆಶ್‌ವಿಲ್ ಬಳಿಯ ಬೆಟ್ಟಸೀಮೆಗೆ ಹೋಗಿ ನೆಲೆಸಿದರು, ತೋಟ ಮಾಡಿಕೊಂಡರು, ಬಿಗ್ ಬ್ರಯರ್ ಎಂಬ ಪುಟ್ಟ ಸಂಸ್ಥೆ ತೆರೆದು ಬಿಡಿ ಉಪಕರಣಗಳನ್ನು ತಯಾರಿಸತೊಡಗಿದರು. ಇತ್ತ ವಾದ್ಯಲೋಕ ಅವರನ್ನು ಬಿಟ್ಟು ಮುಂದಕ್ಕೆ ಓಡುತ್ತಿತ್ತು. ಸಿಂಥಸೈಜರುಗಳೊಳಗೆ ಮೈಕ್ರೊಪ್ರೊಸೆಸರ್ ಸೇರಿಕೊಂಡಿತು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತನಾಡಲೆಂದು ಡೇವ್ ಸ್ಮಿತ್, ಇಕುತಾರೊ ಕಾಕೆಹಾಶಿ ಮುಂತಾದವರು ಮಿಡಿ ಎಂಬ ಸಾಮಾನ್ಯ ಭಾಷೆಯನ್ನು ರೂಪಿಸಿದರು. ಆ ಸುದ್ದಿಯನ್ನು 1982ರ ಅಕ್ಟೋಬರಿನಲ್ಲಿ ಕೀಬೋರ್ಡ್ ಪತ್ರಿಕೆಯ ತಮ್ಮ ಅಂಕಣದ ಮೂಲಕ ಜಗತ್ತಿಗೆ ತಿಳಿಸಿದವರು ರಾಬರ್ಟ್ ಮೋಗ್. ಹೊಸ ಯುಗ ಅವರ ಕಾರ್ಖಾನೆಯಲ್ಲಿ ಹುಟ್ಟಲಿಲ್ಲ, ಅವರ ಲೇಖನಿಯಲ್ಲಿ ಪ್ರಕಟವಾಯಿತು.

ಮೆಮೊರಿಮೋಗ್ ಬಂದದ್ದು ಇದೇ ಸಂಧಿಕಾಲದಲ್ಲಿ. ಅದರ ನಾದ ಹಳೆಯ ಬಗೆಯ ಅನಲಾಗ್ ಸರ್ಕ್ಯೂಟುಗಳದು. ಆಡಳಿತ ಮಾತ್ರ ಜಡ್‌80 ಎಂಬ ಮೈಕ್ರೊಪ್ರೊಸೆಸರಿನದು. ಯಾವ ಕೀಲಿ ಒತ್ತಲಾಗಿದೆ, ಯಾವ ಗುಂಡಿ ಎಲ್ಲಿದೆ, ಯಾವ ಆಸಿಲೇಟರ್ ಎಷ್ಟು ಜಾರಿದೆ ಎಂಬುದನ್ನೆಲ್ಲ ಅದು ನೋಡಿಕೊಳ್ಳುತ್ತದೆ. ಅದು ಹೇಗೆ ನಡೆದುಕೊಳ್ಳಬೇಕೆಂಬ ಆದೇಶಗಳು ಚಿಪ್ಪಿನಲ್ಲಿ ಶಾಶ್ವತವಾಗಿ ಬರೆದಿರುತ್ತವೆ. ಇದನ್ನೇ ಫರ್ಮ್‌ವೇರ್ ಎನ್ನುವುದು. ವಾದ್ಯದ ದೇಹ ಮರ, ಲೋಹ, ತಂತಿಗಳದಾದರೆ ಅದರ ಬುದ್ಧಿ ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ಚಿಪ್ಪಿನಲ್ಲಿ.

ಆ ಕಾಲದ ಇಪ್ರಾಮ್ ಚಿಪ್ಪುಗಳ ಬೆನ್ನ ಮೇಲೆ ಸ್ಫಟಿಕದ ಪುಟ್ಟ ಕಿಟಕಿ ಇರುತ್ತಿತ್ತು. ಅತಿನೇರಳೆ ಬೆಳಕನ್ನು ಕೆಲವು ನಿಮಿಷ ಆ ಕಿಟಕಿಗೆ ಹಾಯಿಸಿದರೆ ಒಳಗಿನ ಬರಹವೆಲ್ಲ ಅಳಿಸಿಹೋಗುತ್ತದೆ. ಮತ್ತೆ ಹೊಸದಾಗಿ ಬರೆಯಬಹುದು. ಅಕಸ್ಮಾತ್ ಬಿಸಿಲು ತಾಗಿ ಅಳಿಯದಿರಲೆಂದು ಕಿಟಕಿಯ ಮೇಲೆ ಚೀಟಿ ಅಂಟಿಸುತ್ತಿದ್ದರು. ಇಂಟೆಲ್ ಕಂಪನಿಯ ಡವ್ ಫ್ರೋಮನ್ 1971ರಲ್ಲಿ ಕಂಡುಹಿಡಿದ ತಂತ್ರ ಇದು. ತಪ್ಪು ತಿದ್ದಿದ ಹೊಸ ಆವೃತ್ತಿ ಸಿದ್ಧವಾದರೆ ವಾದ್ಯವನ್ನು ಬಿಚ್ಚಿ, ಸಾಕೆಟ್ಟಿನಿಂದ ಹಳೆಯ ಚಿಪ್ ಕಿತ್ತು ಹೊಸದನ್ನು ಕೂರಿಸಿದರಾಯಿತು.

ಹೇಳಿದಷ್ಟು ಸುಲಭವಲ್ಲ. ಚಿಪ್ಪಿನ ಒಂದು ತುದಿಯಲ್ಲಿರುವ ಕಚ್ಚು ಸಾಕೆಟ್ಟಿನ ಗುರುತಿಗೆ ಹೊಂದಬೇಕು. ತಿರುವುಮುರುವಾದರೆ ಚಿಪ್ ಸುಟ್ಟುಹೋಗುತ್ತದೆ. ಹಳೆಯ ಲೋಹದ ಕಾಲುಗಳು ಎಳೆಯುವಾಗ ಬಾಗುತ್ತವೆ, ಮುರಿಯುತ್ತವೆ. ಒಣಹವೆಯ ದಿನ ಬೆರಳ ತುದಿಯಿಂದ ಹಾರುವ, ಕಣ್ಣಿಗೆ ಕಾಣದ ವಿದ್ಯುತ್ ಕಿಡಿ ಚಿಪ್ಪಿನ ಪ್ರಾಣ ತೆಗೆಯಬಲ್ಲದು. ಇನ್ನೊಂದು ಅಪಾಯವೂ ಇದೆ: ನುಡಿಸುವವರು ವರ್ಷಗಳಿಂದ ಕೂಡಿಟ್ಟ ನಾದಗಳು ಇರುವುದು ಸಣ್ಣ ಬ್ಯಾಟರಿಯ ಬಲದಿಂದ ಉಳಿದ ಬೇರೊಂದು ಸ್ಮೃತಿಯಲ್ಲಿ. ಬ್ಯಾಟರಿ ಸತ್ತರೆ, ಅಥವಾ ಹೊಸ ಫರ್ಮ್‌ವೇರಿಗೆ ಹಳೆಯ ದಾಖಲೆ ಅರ್ಥವಾಗದಿದ್ದರೆ, ಎಲ್ಲವೂ ಮಾಯ. ಮೊದಲು ಕ್ಯಾಸೆಟ್ಟಿಗೆ ಉಳಿಸಿಕೊಂಡು ಆಮೇಲೆ ಸ್ಕ್ರೂ ಬಿಚ್ಚುವುದು ಬಲ್ಲವರ ಕ್ರಮ.

ಮೆಮೊರಿಮೋಗ್‌ನ ದೊಡ್ಡ ದೂರು ಶ್ರುತಿಯದೇ ಆಗಿತ್ತು. ಟ್ಯೂನ್ ಗುಂಡಿ ಒತ್ತಿದರೆ ಯಂತ್ರ 18 ಆಸಿಲೇಟರುಗಳನ್ನೂ ಒಂದೊಂದಾಗಿ ಅಳೆದು ತಿದ್ದಬೇಕು. ಅನೇಕ ಯಂತ್ರಗಳಲ್ಲಿ ಅದು ಸರಿಯಾಗಿ ಆಗುತ್ತಿರಲಿಲ್ಲ. ಅಷ್ಟರಲ್ಲಿ ಜಪಾನಿನ ಯಮಾಹಾ 1983ರಲ್ಲಿ ಡಿಎಕ್ಸ್7 ಎಂಬ ಡಿಜಿಟಲ್ ವಾದ್ಯವನ್ನು ಹೊರತಂದಿತು. ಶ್ರುತಿ ಜಾರದು, ಹಗುರ, ಬೆಲೆಯೂ ಕಡಿಮೆ. ಮೆಮೊರಿಮೋಗ್ 1985ರ ಹೊತ್ತಿಗೆ ನಿಂತಿತು. 1980ರ ದಶಕ ಮುಗಿಯುವ ಮೊದಲೇ ಮೋಗ್ ಕಂಪನಿಯೂ ಮುಚ್ಚಿತು. ಇನ್ನು ಹೊಸ ಚಿಪ್ ಕಳಿಸುವವರು ಯಾರೂ ಇರಲಿಲ್ಲ.

ಹೀಗೆ ಅನಾಥವಾದ ಯಂತ್ರಗಳನ್ನು ಎತ್ತಿಕೊಂಡವರಲ್ಲಿ ಜರ್ಮನಿಯ ರೂಡಿ ಲಿನ್‌ಹಾರ್ಡ್ ಪ್ರಮುಖರು. ಅವರು ಮೆಮೊರಿಮೋಗ್‌ನ ಅಂತರಂಗವನ್ನು ಅಭ್ಯಾಸ ಮಾಡಿ, ದುರ್ಬಲ ಭಾಗಗಳನ್ನು ಸರಿಪಡಿಸಿ, ತಾವೇ ಹೊಸ ಫರ್ಮ್‌ವೇರ್ ಬರೆದರು. ಲಿಂಟ್ರಾನಿಕ್ಸ್ ಎಂಬ ತಮ್ಮ ಸಂಸ್ಥೆಯ ಮೂಲಕ ಒಂದೊಂದೇ ಯಂತ್ರವನ್ನು ಹೀಗೆ ಮರುರೂಪಿಸಿದರು. ಶ್ರುತಿ ನೆಲೆನಿಂತಿತು, ಮಿಡಿ ಪೂರ್ಣವಾಗಿ ಬಂದಿತು. ತಯಾರಕರು ಮಾರಿದಾಗ ಇದ್ದುದಕ್ಕಿಂತ ಉತ್ತಮ ವಾದ್ಯ ಬಳಕೆದಾರರ ಕೈಸೇರಿತು. ಇಂಥ ಕೆಲಸ ಮೆಮೊರಿಮೋಗ್‌ಗೆ ಸೀಮಿತವಲ್ಲ. ಮಿಡಿ ಹೊಂದಿದ ಮೊದಲ ಸಿಂಥಸೈಜರ್ ಎನ್ನಲಾದ ಪ್ರಾಫೆಟ್ 600ರಿಂದ ಹಳೆಯ ಜಡ್‌80 ಚಿಪ್ಪನ್ನೇ ಕಿತ್ತು, ಅದರ ಜಾಗದಲ್ಲಿ ಇಂದಿನ ಅಗ್ಗದ ಪುಟ್ಟ ಬೋರ್ಡೊಂದನ್ನು ಕೂರಿಸಿ ಹವ್ಯಾಸಿಯೊಬ್ಬರು ಅದಕ್ಕೆ ಹೊಸ ಚುರುಕು ತಂದರು. ವಿನ್ಯಾಸಕಾರರ ನಕ್ಷೆ ದುರಸ್ತಿ ಕೈಪಿಡಿಯಲ್ಲಿ ಮುದ್ರಿತವಾಗಿದ್ದ ಕಾಲದ ಪುಣ್ಯ ಇದು. ಎಲ್ಲವನ್ನೂ ಒಂದೇ ಮುಚ್ಚಿದ ಚಿಪ್ಪಿನಲ್ಲಿ ಅಡಗಿಸಿದ ಮುಂದಿನ ಪೀಳಿಗೆಯ ವಾದ್ಯಗಳಿಗೆ ಈ ಭಾಗ್ಯ ಅಷ್ಟಾಗಿ ದಕ್ಕಿಲ್ಲ.

ಮೋಗ್ ಅವರಾದರೋ 1984ರಿಂದ ಕೆಲವು ವರ್ಷ ರೇ ಕರ್ಜ್‌ವೈಲ್ ಅವರ ವಾದ್ಯ ಕಂಪನಿಯಲ್ಲಿ ಸಂಶೋಧನೆಯ ಹೊಣೆ ಹೊತ್ತರು. ನಿಜವಾದ ಪಿಯಾನೊ, ಪಿಟೀಲುಗಳ ನಾದದ ಮಾದರಿಗಳನ್ನು ಚಿಪ್ಪುಗಳಲ್ಲಿ ತುಂಬಿಟ್ಟ ಕರ್ಜ್‌ವೈಲ್ 250 ಅಲ್ಲಿಯ ಪ್ರಸಿದ್ಧ ವಾದ್ಯ. ಅನಲಾಗ್ ಯುಗದ ಪಿತಾಮಹರು ಡಿಜಿಟಲ್ ಪಾಳೆಯದಲ್ಲಿ ದುಡಿದರೆಂದು ಅಚ್ಚರಿಪಡಬೇಕಾಗಿಲ್ಲ. ಅವರಿಗೆ ಪಂಥಾಭಿಮಾನ ಇರಲಿಲ್ಲ. ಬಳಿಕ ಆಶ್‌ವಿಲ್‌ನಲ್ಲಿರುವ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಥೆರೆಮಿನ್ ತಯಾರಿಕೆಗೆ ಮರಳಿ, 1996ರಲ್ಲಿ ಮತ್ತೊಮ್ಮೆ ಅದರ ನಕ್ಷೆಯನ್ನು ಪತ್ರಿಕೆಯಲ್ಲಿ ಪ್ರಕಟಿಸಿದರು. 1961ರ ಹಳೆಯ ಅಭ್ಯಾಸ ಹೋಗಿರಲಿಲ್ಲ.

1990ರ ದಶಕದಲ್ಲಿ ಅನಲಾಗ್ ನಾದದ ಹಂಬಲ ಮರಳಿತು. ಹಳೆಯ ಮಿನಿಮೋಗ್‌ಗಳ ಬೆಲೆ ಏರತೊಡಗಿತು. ಮೋಗ್ ಹೆಸರನ್ನು ಅಮೆರಿಕದಲ್ಲಿ ಒಬ್ಬರು, ಬ್ರಿಟನ್ನಿನಲ್ಲಿ ಇನ್ನೊಬ್ಬರು ತಮ್ಮದಾಗಿಸಿಕೊಂಡು ಮಿನಿಮೋಗ್ ತಯಾರಿಕೆಗೆ ಇಳಿದರು. ರಾಬರ್ಟ್ ಮೋಗ್ ವಕೀಲರನ್ನು ಹಿಡಿದು ತಮ್ಮ ಹೆಸರಿಗಾಗಿ ತಾವೇ ಹೋರಾಡಬೇಕಾಯಿತು. 2002ರಲ್ಲಿ ಅಮೆರಿಕದಲ್ಲಿ ಹೆಸರು ಮರಳಿ ದೊರೆತು ಬಿಗ್ ಬ್ರಯರ್ ಸಂಸ್ಥೆ ಮೋಗ್ ಮ್ಯೂಸಿಕ್ ಆಯಿತು. ಆಗ ಅವರಿಗೆ 68 ವರ್ಷ. ಬ್ರಿಟನ್ನಿನಲ್ಲಿ ಮಾತ್ರ ಇನ್ನೂ ಕೆಲವು ಕಾಲ ಅವರ ವಾದ್ಯ ಅವರ ಹೆಸರಿಲ್ಲದೆ ಮಾರಾಟವಾಗಬೇಕಾಯಿತು.

ಅದೇ ವರ್ಷ ಬಂದ ಮಿನಿಮೋಗ್ ವಾಯೇಜರ್ ಅವರ ಕೊನೆಯ ದೊಡ್ಡ ಕೃತಿ. ನಾದದ ದಾರಿ ಪೂರ್ತಿ ಅನಲಾಗ್. ನೆನಪು, ನಿಯಂತ್ರಣ, ಮಿಡಿ ಮಾತ್ರ ಡಿಜಿಟಲ್. ಅದಕ್ಕೆ ಫರ್ಮ್‌ವೇರ್ ಬರೆಯಲು ಮೋಗ್ ಆರಿಸಿಕೊಂಡದ್ದು ರೂಡಿ ಲಿನ್‌ಹಾರ್ಡ್ ಅವರನ್ನು. ತಾವು ವಿನ್ಯಾಸ ಮಾಡದಿದ್ದರೂ ತಮ್ಮ ಹೆಸರು ಹೊತ್ತು ಕೆಟ್ಟು ನಿಂತಿದ್ದ ಯಂತ್ರವನ್ನು ಯಾರೂ ಕೇಳದೆಯೇ ಸರಿಪಡಿಸಿದ ಮನುಷ್ಯ ಅವರು. ದೊಡ್ಡ ಕಂಪನಿಗಳು ತಮ್ಮ ಯಂತ್ರ ಬಿಚ್ಚಿದವರ ಮೇಲೆ ನೋಟೀಸು ಜಾರಿಮಾಡುವುದುಂಟು. ಮೋಗ್ ಮಾಡಿದ ಆಯ್ಕೆಯಲ್ಲಿ ರೇಮಂಡ್ ಸ್ಕಾಟ್, ಹರ್ಬರ್ಟ್ ಡಾಯ್ಚ್ ಅವರೊಂದಿಗೆ ನಡೆದುಕೊಂಡ ಅದೇ ಮನೋಧರ್ಮ ಕಾಣುತ್ತದೆ. ವಾಯೇಜರಿನ ಫರ್ಮ್‌ವೇರ್ ನವೀಕರಿಸಲು ಸ್ಕ್ರೂ ಬಿಚ್ಚಬೇಕಾಗಿರಲಿಲ್ಲ, ಚಿಪ್ ಕೀಳಬೇಕಾಗಿರಲಿಲ್ಲ. ಕಂಪ್ಯೂಟರಿನಿಂದ ಮಿಡಿ ತಂತಿಯ ಮೂಲಕ ಹೊಸ ಆವೃತ್ತಿಯನ್ನು ಕಳುಹಿಸಿದರೆ ಸಾಕಾಗಿತ್ತು.

ಗೌರವಗಳು ಕೊನೆಗಾಲದಲ್ಲಿ ಒಟ್ಟಾಗಿ ಬಂದವು. ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ 2001ರಲ್ಲಿ, ತಾಂತ್ರಿಕ ಗ್ರ್ಯಾಮಿ 2002ರಲ್ಲಿ, ಅವರ ಕುರಿತ ಸಾಕ್ಷ್ಯಚಿತ್ರ 2004ರಲ್ಲಿ. 2005ರ ವಸಂತದಲ್ಲಿ ಮೆದುಳಿನ ಗಡ್ಡೆ ಪತ್ತೆಯಾಯಿತು. ಅದೇ ವರ್ಷ ಆಗಸ್ಟ್ 21ರಂದು ಆಶ್‌ವಿಲ್‌ನಲ್ಲಿ, 71ನೆಯ ವಯಸ್ಸಿನಲ್ಲಿ, ರಾಬರ್ಟ್ ಮೋಗ್ ನಿಧನರಾದರು. ಹೆಸರು ಮರಳಿ ಸಿಕ್ಕ ಮೇಲೆ ಅದನ್ನು ಬಳಸಲು ಅವರಿಗೆ ದೊರೆತದ್ದು ಮೂರೇ ವರ್ಷ.

ಮರುವರ್ಷ ಅವರ ಮಗಳ ನೇತೃತ್ವದಲ್ಲಿ ಪ್ರತಿಷ್ಠಾನವೊಂದು ಸ್ಥಾಪನೆಯಾಯಿತು. ಅವರ ಕಾಗದಪತ್ರಗಳು, ನಕ್ಷೆಗಳು ಕಾರ್ನೆಲ್ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದವು. ವಾಯೇಜರ್ ತಯಾರಿಕೆ 2015ರಲ್ಲಿ ನಿಂತು ಅದೂ ಹಳೆಯ ವಾದ್ಯಗಳ ಸಾಲಿಗೆ ಸೇರಿತು. 1981ರಲ್ಲಿ ನಿಂತಿದ್ದ ಮಿನಿಮೋಗ್ ಮಾತ್ರ 2016ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ಕಾರ್ಖಾನೆಯಿಂದ ಹೊರಬಂದಿತು. ಮೊದಲ ಸಲವೇ ಅದಕ್ಕೆ ಮಿಡಿಯನ್ನೂ ಸೇರಿಸಲಾಗಿತ್ತು. 2023ರಲ್ಲಿ ಮೋಗ್ ಮ್ಯೂಸಿಕ್ ಸಂಸ್ಥೆಯನ್ನು ಇನ್‌ಮ್ಯೂಸಿಕ್ ಎಂಬ ದೊಡ್ಡ ಸಮೂಹ ಕೊಂಡಿತು. ಹೆಸರೂ ಅದರೊಂದಿಗೇ ಹೋಯಿತು.